ಕುಲುಕಿದರೆ ಕೇಳಬೇಕಾದ ಸದ್ದು

ಎರಡು ಲಸಿಕೆ ಸೀಸೆಗಳನ್ನು ಒಟ್ಟಿಗೆ ಕುಲುಕಿ ಮೇಜಿನ ಮೇಲಿಟ್ಟು, ನರ್ಸಮ್ಮ ನೋಡುತ್ತಾ ಕುಳಿತಳು. ಒಂದು ಆಸ್ಪತ್ರೆಯ ಫ್ರಿಜ್ಜಿನಲ್ಲಿದ್ದದ್ದು. ಇನ್ನೊಂದು ಅಂದು ಮನೆಮನೆಗೆ ಹೊತ್ತೊಯ್ದು ಉಳಿಸಿ ತಂದದ್ದು. ಮೊದಲನೆಯದು ತೆಳು ಹಾಲಿನಂತೆ ಕದಡಿಕೊಂಡೇ ಇತ್ತು. ಎರಡನೆಯದರಲ್ಲಿ ಬಿಳಿ ಚೂರುಗಳು ಸರಸರನೆ ತಳ ಸೇರಿದವು. ಲಸಿಕೆ ದಾರಿಯಲ್ಲೇ ಹೆಪ್ಪುಗಟ್ಟಿತ್ತು. ಈ ಲಸಿಕೆ ಒಮ್ಮೆ ಹೆಪ್ಪುಗಟ್ಟಿದರೆ ಆಮೇಲೆ ಕರಗಿದರೂ ಕೆಲಸಕ್ಕೆ ಬಾರದು.

ತಪ್ಪು ಅವಳದೇ. ಫ್ರೀಜರಿನಿಂದ ತೆಗೆದ ಐಸ್ ಪ್ಯಾಕುಗಳನ್ನು ಸ್ವಲ್ಪ ಹೊತ್ತು ಹೊರಗಿಡಬೇಕು. ಕುಲುಕಿದಾಗ ಒಳಗೆ ನೀರಾಡುವ ಸದ್ದು ಕೇಳಿದ ಮೇಲೆಯೇ ಲಸಿಕೆ ಪೆಟ್ಟಿಗೆಗೆ ಹಾಕಬೇಕು. ಇಪ್ಪತ್ತೆರಡು ವರ್ಷಗಳಿಂದ ಹೊಸಬರಿಗೆಲ್ಲ ಇದನ್ನು ಕಿವಿ ಹಿಂಡಿ ಕಲಿಸಿದವಳೇ ಅವಳು. ಅಂದು ಬಸ್ಸು ತಪ್ಪೀತೆಂಬ ಗಡಿಬಿಡಿಯಲ್ಲಿ ಕಲ್ಲಿನಂತಿದ್ದ ಪ್ಯಾಕುಗಳನ್ನು ಹಾಗೆಯೇ ತುರುಕಿಕೊಂಡು ಓಡಿದ್ದಳು. ಹನ್ನೊಂದು ಮಕ್ಕಳಿಗೆ ಸೂಜಿ ಚುಚ್ಚಿ ಬಂದಿದ್ದಳು.

ಡಾಕ್ಟರು ಬೈಯಲಿಲ್ಲ. ಹನ್ನೊಂದು ಮಕ್ಕಳಿಗೂ ನಾಳೆಯೇ ಮತ್ತೆ ಹಾಕಿ ಎಂದರು, ಅಷ್ಟೆ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು. ಜೊತೆಯ ನರ್ಸ್ ಮಾತ್ರ ಬಾಗಿಲ ಬಳಿ ತಡೆದು ಮೆಲ್ಲಗೆ ಹೇಳಿದಳು: "ಅಕ್ಕಾ, ಇನ್ನೊಂದು ಡೋಸ್ ಬಾಕಿ ಇದೆ ಅಂತ ಹೇಳಿ ಹಾಕಿಬಿಡಿ. ಆ ಟೈಲರ್ ಮನೆ ಅಜ್ಜಿಗೆ ನಿಜ ಗೊತ್ತಾದ್ರೆ ಇಡೀ ಬೀದಿ ಬಾಗಿಲು ಹಾಕ್ಕೊಳ್ಳುತ್ತೆ."

ಅದೂ ಸುಳ್ಳಲ್ಲ. ಮೊದಲ ಮೊಮ್ಮಗನಿಗೆ ಚುಚ್ಚುಮದ್ದು ಹಾಕಿಸಿದ ಸಂಜೆ ಮೈ ಸುಡುವಷ್ಟು ಜ್ವರ ಬಂದಾಗಿನಿಂದ ಆ ಅಜ್ಜಿ ಸೂಜಿ ಎಂದರೆ ಉರಿದು ಬೀಳುತ್ತಿದ್ದಳು. ಬೀದಿಯ ತಾಯಂದಿರೆಲ್ಲ ಅಜ್ಜಿಯ ಮುಖ ನೋಡಿಕೊಂಡೇ ಹೂಂ ಎನ್ನುವವರು. ಅವಳನ್ನು ಒಪ್ಪಿಸಲು ನರ್ಸಮ್ಮ ಆರು ಸಲ ಚಪ್ಪಲಿ ಸವೆಸಿದ್ದಳು. ಈ ಲಸಿಕೆ ತಡೆಯುವ ಗಂಟಲಮಾರಿ, ಅಂದರೆ ಡಿಫ್ತೀರಿಯಾ, ಬಂದ ಮಗುವೊಂದು ಉಸಿರಿಗೆ ಒದ್ದಾಡಿ ತನ್ನ ತೋಳಿನಲ್ಲೇ ತಣ್ಣಗಾದದ್ದನ್ನು ಆರನೆಯ ಸಲ ಹೋದಾಗ ಹೇಳಿದ್ದಳು; ಹೇಳುತ್ತಾ ಅತ್ತಿದ್ದಳು. ಸುಳ್ಳಲ್ಲ ತಾನೆ ಎಂದು ಅಜ್ಜಿ ಕೇಳಿದ್ದಳು. ಅಲ್ಲ ಎಂದು ನರ್ಸಮ್ಮ ಅವಳ ಕೈ ಹಿಡಿದು ಹೇಳಿದ್ದಳು. ಈಗ ಅದೇ ಕೈ ಕಣ್ಮುಂದೆ ಬರುತ್ತಿತ್ತು.

ಮರುದಿನ ಅವಳು ಮೊದಲು ಹೋದದ್ದು ಆ ಮನೆಗೇ. ಸೊಸೆ ಹೊಲಿಗೆ ಮಿಷನ್ ನಿಲ್ಲಿಸಿದಳು. ಅಜ್ಜಿ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಶರಟಿಗೆ ಗುಂಡಿ ಹಚ್ಚುತ್ತಿದ್ದಳು. ನರ್ಸಮ್ಮ ಕೂರಲಿಲ್ಲ. ಬಸ್ಸು, ಐಸ್ ಪ್ಯಾಕು, ಕೇಳಿಸಿಕೊಳ್ಳದೆ ಬಿಟ್ಟ ನೀರಿನ ಸದ್ದು, ಸೀಸೆಯ ತಳದ ಚೂರು, ಒಂದನ್ನೂ ಮುಚ್ಚಿಡದೆ ಹೇಳಿದಳು. ಮಗುವಿಗೆ ಕೆಡುಕೇನೂ ಆಗುವುದಿಲ್ಲ, ಆದರೆ ರಕ್ಷಣೆಯೂ ಸಿಕ್ಕಿಲ್ಲ ಎಂದಳು.

"ಹಾಗಾದ್ರೆ ನನ್ನ ಮಗು ಅಷ್ಟೊಂದು ಅತ್ತಿದ್ದು ಸುಮ್ಮನೇನಾ?" ಸೊಸೆಯ ಕಣ್ಣು ತುಂಬಿತು.

ಅಜ್ಜಿ ಹಲ್ಲಿನಿಂದ ನೂಲು ಕಡಿದು ಶರಟನ್ನು ಪಕ್ಕಕ್ಕಿಟ್ಟಳು. "ನೀನು ಹೇಳದೇ ಇದ್ದಿದ್ರೆ ನಮಗೆ ಗೊತ್ತಾಗ್ತಿತ್ತಾ?"

"ಇಲ್ಲಮ್ಮ."

ಬಾಗಿಲಾಚೆ ಆಗಲೇ ಅಕ್ಕಪಕ್ಕದ ಇಬ್ಬರು ತಾಯಂದಿರು ಮಕ್ಕಳನ್ನೆತ್ತಿಕೊಂಡು ನಿಂತಿದ್ದರು. ಅವರ ಕಣ್ಣು ಅಜ್ಜಿಯ ಮೇಲಿತ್ತು. ಅಜ್ಜಿ ಇನ್ನು ಹೊರಡು ಎನ್ನುತ್ತಾಳೆಂದು ನರ್ಸಮ್ಮ ಪೆಟ್ಟಿಗೆಯ ಪಟ್ಟಿಯನ್ನು ಹೆಗಲಿಗೇರಿಸಿಕೊಂಡಳು.

"ಇಳಿಸು ಅದನ್ನ," ಎಂದಳು ಅಜ್ಜಿ. "ಅದೇನೋ ಸದ್ದು ಬರಬೇಕು ಅಂದ್ಯಲ್ಲ, ನನಗೆ ಕೇಳಿಸು."

ನರ್ಸಮ್ಮ ಒಂದು ಐಸ್ ಪ್ಯಾಕ್ ತೆಗೆದು ಅವಳ ಕಿವಿಯ ಬಳಿ ಹಿಡಿದು ಕುಲುಕಿದಳು. ಅಜ್ಜಿ ಕಣ್ಣು ಮುಚ್ಚಿ ಕೇಳಿದಳು. ಇನ್ನೊಮ್ಮೆ ಎಂದು ಸನ್ನೆ ಮಾಡಿ, ಇನ್ನೊಮ್ಮೆಯೂ ಕೇಳಿದಳು. ಆಮೇಲೆ ಹಿಂದಿನ ದಿನದ ಸೂಜಿಗೆ ಊದಿಕೊಂಡಿದ್ದ ಮಗುವಿನ ಎಡತೊಡೆಯ ಮೇಲೆ ಅಂಗೈ ಮುಚ್ಚಿ, ಬಲತೊಡೆಯ ಬಟ್ಟೆ ಸರಿಸಿದಳು.