ದೊಡ್ಡ ಹಂಡೆಯ ನೀರು

ಚೆಂಡೆಯ ಸದ್ದು ಕಿವಿಗೆ ಬಿದ್ದದ್ದೇ ತಡ, ಚಹಾದಂಗಡಿಯ ಮೂಸಕುಂಞಿ ದೊಡ್ಡ ಹಂಡೆಗೆ ಬಾಯಿತನಕ ನೀರು ತುಂಬಿ ಒಲೆಗೇರಿಸಿಬಿಟ್ಟ. ಸವಣೂರಿನ ಯಕ್ಷಗಾನ ತಾಳಮದ್ದಳೆ ಕೂಟ ಕೇಳಲು ಊರೂರಿಂದ ಬರುವ ನಲವತ್ತು ಜನಕ್ಕೆ ಹದಿನೈದು ಮಳೆಗಾಲ ಹೀಗೇ ಚಹಾ ಮಾಡಿದ ಕೈ ಅದು. ೧೯೫೭ರ ಫ್ಲೂ ಜ್ವರಕ್ಕೆ ಕೂಟ ನಿಂತು ಎರಡು ತಿಂಗಳಾದದ್ದು ಆ ಕೈಗೆ ಮರೆತೇ ಹೋಗಿತ್ತು.

ಪಕ್ಕದ ಜಗಲಿಯಿಂದ ಕೂಟದ ಚೆಂಡೆಯವ ಧರ್ಮಪಾಲ ಇಣುಕಿದ. "ಕೂಟ ಇಲ್ಲ ಮೂಸಾಕ. ಚೆಂಡೆಗೆ ಬೂಷ್ಟು ಹಿಡಿಯುದು ಬೇಡಾಂತ ನಾಲ್ಕು ಪೆಟ್ಟು ಹಾಕಿದ್ದು."

ಮೂಸಕುಂಞಿ ನಾಚಿ ಹಂಡೆ ಇಳಿಸಲು ಹೋದ. ಅಷ್ಟರಲ್ಲಿ ಹೊಳೆಯಾಚೆಯ ಗುರುವಪ್ಪಜ್ಜ ಕೊಡೆ ಊರಿಕೊಂಡು ಬಂದು ನಿಂತರು. ಜ್ವರದಿಂದೆದ್ದ ಮುಖ ಬತ್ತಿತ್ತು. ಕಣ್ಣು ಮಾತ್ರ ಅರಳಿತ್ತು. "ಚೆಂಡೆ ಕೇಳಿತು. ಕೂಟ ಸುರು ಆಯ್ತಾ?"

"ಭಾಗವತರು ಜ್ವರದಿಂದ ಇನ್ನೂ ಎದ್ದಿಲ್ಲ ಅಜ್ಜ. ಪದ್ಯ ಹೇಳ್ಲಿಕ್ಕೆ ಜನ ಇಲ್ಲ," ಎಂದ ಧರ್ಮಪಾಲ.

ಅಜ್ಜ ಹಿಂದಿರುಗತೊಡಗಿದರು. ಒಲೆಯ ಹಿಂದೆ ನಿಂತು ಇಷ್ಟು ವರ್ಷ ಕೇಳಿದ ಪದ್ಯಗಳೆಲ್ಲ ಮೂಸಕುಂಞಿಯ ಗಂಟಲಿಗೆ ಬಂದವು. ಅವನು ಹೆಗಲ ಬೈರಾಸಿನಿಂದ ಬೆಂಚು ಒರಸಿದ.

"ಕೂತ್ಕೊಳ್ಳಿ ಅಜ್ಜ, ನೀರು ಕುದೀತಾ ಉಂಟು." ಮತ್ತೆ ಧರ್ಮಪಾಲನ ಕಡೆ ತಿರುಗಿದ. "ನೀನು ಬಾರಿಸು ಮಾರಾಯ. ಪದ್ಯ ನಾನು ಹೇಳ್ತೇನೆ."