ಎಲೆಕ್ಟ್ರಾನು ಇಳಿಯುವ ಮುಹೂರ್ತ

ರಾಯಚೂರಿನ ಮದುವೆ ಮಂಟಪದಲ್ಲಿ ಎಲ್ಲರ ಕಣ್ಣೂ ಹಿತ್ತಾಳೆ ತಟ್ಟೆಯ ಮೇಲಿತ್ತು. ಅದರಲ್ಲಿ ತೆಂಗಿನಕಾಯಿಯಷ್ಟು ದೊಡ್ಡ ಹೈಡ್ರೋಜನ್ ಪರಮಾಣು ಕೂತಿತ್ತು. ಅದರ ಎಲೆಕ್ಟ್ರಾನು ಕೆಳಗಿನ ಮೆಟ್ಟಿಲಿಗೆ ಇಳಿದರೇನೇ ಮುಹೂರ್ತ. ಅದೋ, ಮೇಲೆಯೇ ಕುಣಿಯುತ್ತಿತ್ತು.

ಅದಕ್ಕೆ ಬಿಸಿ ತಾಗದಿರಲೆಂದು ಪುರೋಹಿತ ಗುಂಡಾಚಾರ್ಯರು ಹೋಮಕುಂಡವನ್ನು ದೂರ ಸರಿಸಿದರೂ ಅದು ಇಳಿಯಲಿಲ್ಲ.

"ಇನ್ನೆಷ್ಟು ಕಾಯೋದ್ರೀ?" ಎಂದು ಹುಡುಗಿಯ ತಂದೆ ವಾದಿರಾಜರು ರೇಗಿದರು. ಎಲೆಕ್ಟ್ರಾನು ಇನ್ನೊಂದು ಮೆಟ್ಟಿಲು ಹತ್ತಿತು.

"ನಿಮ್ಮ ಸಿಟ್ಟಿನ ಕಾವು ಅದಕ್ಕ ಬಡೀಲಿಕ್ಕತ್ತದ. ಎಲ್ಲಾರೂ ಹೊರಗ ನಡೀರಿ!" ಎಂದು ಆಚಾರ್ಯರು ಮದುಮಕ್ಕಳಿಬ್ಬರನ್ನು ಬಿಟ್ಟು ಮಂಟಪ ಖಾಲಿ ಮಾಡಿಸಿದರು.

ಎಲೆಕ್ಟ್ರಾನು ಮೆಲ್ಲಗೆ ಇಳಿಯಿತು. ಮದುಮಗ ತಾಳಿ ಎತ್ತಿಕೊಂಡ. ಮದುಮಗಳು ಕಣ್ಣೆತ್ತಿ ಅವನನ್ನು ನೋಡಿ ನಕ್ಕಳು. ಎಲೆಕ್ಟ್ರಾನು ಸರ್ರನೆ ತುತ್ತತುದಿಗೇರಿತು.

ಆಚಾರ್ಯರು ಹಣೆ ಚಚ್ಚಿಕೊಂಡರು.

"ಅದಕ್ಕ ಹೇಳೋದು ತಂಗೀ, ತಾಳಿ ಕಟ್ಟೋತನಕ ತಲಿ ತಗ್ಗಿಸಿ ಕೂಡು ಅಂತ!"