ಆನೆಗಾತ್ರದ ಥ್ಯಾಂಕ್ಸ್

ಶಿಕ್ಷಕರ ಸಂಘದ ಅಧ್ಯಕ್ಷ ಡ್ವೇನ್ ಪ್ರೊಜೆಕ್ಟರಿನ ಗುಂಡಿ ಒತ್ತಿದ. ಶಾಲೆಯ ಊಟದ ಕೋಣೆಯ ಗೋಡೆಯ ಮೇಲೆ ಪದಗಳ ರಾಶಿ ಬಂದು ಬಿತ್ತು. ನಟ್ಟನಡುವೆ, ಆನೆಗಾತ್ರದಲ್ಲಿ, ಒಂದೇ ಪದ: ಥ್ಯಾಂಕ್ಸ್.

"ಸಮೀಕ್ಷೇಲಿ ನಾವು ಬರೆದದ್ದನ್ನೆಲ್ಲ ಜಿಲ್ಲಾ ಶಿಕ್ಷಣ ಕಚೇರಿಯವರು ಕಂಪ್ಯೂಟರಿಗೆ ಹಾಕಿದ್ದಾರೆ," ಎಂದ ಡ್ವೇನ್. "ಯಾವ ಪದ ಜಾಸ್ತಿ ಸಲ ಬಂದಿದೆಯೋ ಅದು ದೊಡ್ಡದಾಗಿ ಕಾಣತ್ತೆ. ಅವರ ತೀರ್ಮಾನ ಏನಪ್ಪಾ ಅಂದ್ರೆ, ನಾವೆಲ್ಲ ಭಾಳ ತೃಪ್ತಿಯಾಗಿದ್ದೀವಂತೆ."

ಶಿಶುವಿಹಾರದ ಟೀಚರು ಅರ್ಲಿಸ್ ಕನ್ನಡಕ ಏರಿಸಿ ಗೋಡೆಯನ್ನೆಲ್ಲ ಹುಡುಕಿದಳು. 'ಸಹಾಯಕಿ' ಎಂಬ ಪದ ಕೆಳಗಿನ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟಿತ್ತು. ಅವಳ ಜೀವವೆಲ್ಲ ಆ ಕಾಳಿನಲ್ಲೇ ಇತ್ತು. ಅಮೆರಿಕದ ಮಿನೆಸೋಟಾದ ಚಳಿಗಾಲದಲ್ಲಿ ಇಪ್ಪತ್ತೆಂಟು ಪುಟಾಣಿಗಳನ್ನು ಆಟಕ್ಕೆ ಬಿಡುವುದೆಂದರೆ ತಮಾಷೆಯಲ್ಲ. ದಪ್ಪ ಪ್ಯಾಂಟು, ಬೂಟು, ಟೋಪಿ, ಕೈಗವಸು ಎಲ್ಲ ತೊಡಿಸಿ ಕೊನೆಯ ಮಗುವಿನ ಜಿಪ್ ಎಳೆಯುವಷ್ಟರಲ್ಲಿ ಮೊದಲನೆಯದಕ್ಕೆ ಒಂದಕ್ಕೆ ಬಂದಿರುತ್ತದೆ. ಸಹಾಯಕಿ ಲವೊನ್ ಇರುವುದರಿಂದ ಹೇಗೋ ನಡೆದಿತ್ತು. ಅವಳ ಕೆಲಸ ಉಳಿಸಬೇಕೋ ಬೇಡವೋ ಎಂಬುದನ್ನು ಸಮೀಕ್ಷೆ ನೋಡಿ ಹೇಳುತ್ತೇವೆ ಎಂದಿದ್ದರು ಜಿಲ್ಲೆಯವರು.

"ಹಾಗಾದ್ರೆ ಲವೊನ್ ಗತಿ?"

"ಈ ತಿಂಗಳ ಕೊನೆಗೆ ಮುಗೀತು. ದೂರೇ ಇಲ್ವಲ್ಲ ಅಂತಾರೆ." ಡ್ವೇನ್ ತಲೆ ಕೆರೆದುಕೊಂಡ. "ಆದ್ರೆ ನಮ್ಮ ಸದ್ಭಾವನೆ ಮೆಚ್ಚಿ, ಇನ್ಮೇಲೆ ಶುಕ್ರವಾರ ಜೀನ್ಸ್ ಹಾಕ್ಕೊಂಡು ಬರಬಹುದು ಅಂದಿದ್ದಾರೆ."

ಹಿಂದಿನ ಸಾಲಿನಲ್ಲಿ ಯಾರೋ ನಿಜಕ್ಕೂ ಖುಷಿಪಟ್ಟರು.

"ಯಾರ್ರೀ ಅದು ಥ್ಯಾಂಕ್ಸ್ ಬರೆದೋರು?" ಅರ್ಲಿಸ್‌ಗೆ ಮೈಯೆಲ್ಲ ಉರಿದುಹೋಯಿತು. ಎಲ್ಲರೂ ಕಾಫಿ ಲೋಟದ ತಳ ನೋಡತೊಡಗಿದರು. ಕೊನೆಗೆ ಸಂಗೀತದ ಮೇಷ್ಟ್ರು ಬಾಯಿಬಿಟ್ಟರು. "ನಾನು ಚಾವಣಿ ಸೋರ್ತಿದೆ ಅಂತಾನೇ ಬರೆದೆ. ಕೆಳಗೆ ಇಡೋಕೆ ಬಕೆಟ್ ಕೊಟ್ಟಿದ್ದಕ್ಕೆ ಥ್ಯಾಂಕ್ಸ್ ಅಂತ ಒಂದು ಮಾತು ಸೇರಿಸಿದೆ. ಬರೀ ದೂರು ಹೇಳಿದ್ರೆ ಚೆನ್ನಾಗಿರತ್ತಾ?"

"ಅದ್ಸರಿ, ನೀನೇನು ಬರೆದಿದ್ದೆ ಅರ್ಲಿಸ್?" ಡ್ವೇನ್ ಕೇಳಿದ.

ಅರ್ಲಿಸ್ ಮುಖ ಕೆಂಪಾಯಿತು. ಲವೊನ್‌ಗಾಗಿ ಪುಟ ತುಂಬ ಬರೆದಿದ್ದಳು, ನಿಜ. ಓದುತ್ತಿರುವುದಕ್ಕೆ ಥ್ಯಾಂಕ್ಸ್ ಎಂದು ಶುರುಮಾಡಿ, ನಿಮ್ಮ ಕಷ್ಟವೂ ನನಗೆ ಗೊತ್ತು, ಥ್ಯಾಂಕ್ಸ್ ಎಂದು ಮುಗಿಸಿದ್ದಳು. ಆ ಸೀಮೆಯ ಜನವೇ ಹಾಗೆ. ತಮ್ಮ ಕಾಲು ತುಳಿದವನಿಗೂ ತಾವೇ ಸಾರಿ ಹೇಳುತ್ತಾರೆ.

"ಆಗಿದ್ದು ಆಯ್ತು. ಈಗ ಖಾರವಾಗಿ ಒಂದು ಪತ್ರ ಕಳಿಸೋಣ," ಎಂದಳು. "ಲವೊನ್‌ನ ತೆಗೀಕೂಡದು. ಅಷ್ಟೇ ಬರಿ, ಡ್ವೇನ್."

ಡ್ವೇನ್ ಬರೆದ. ಎಲ್ಲರಿಗೂ ಕೂತಲ್ಲೇ ಮುಳ್ಳು ಚುಚ್ಚಿದಂತಾಯಿತು. 'ಸಾಧ್ಯವಾದರೆ' ಅಂತ ಸೇರಿಸು ಎಂದರು ಒಬ್ಬರು. 'ನಿಮಗೆ ತೊಂದರೆ ಇಲ್ಲದಿದ್ದರೆ' ಎಂದರು ಇನ್ನೊಬ್ಬರು. "ಕೊನೇಲಿ ಥ್ಯಾಂಕ್ಸ್ ಹಾಕದೆ ಹೇಗ್ರೀ ಕಳಿಸೋದು?" ಸಂಗೀತದ ಮೇಷ್ಟ್ರು ಗಾಬರಿಯಾದರು. "ಮುಖಕ್ಕೆ ಹೊಡೆದ ಹಾಗಿರತ್ತೆ."

ಮತಕ್ಕೆ ಹಾಕಿದರು. ಬೇಡ ಎಂದು ಎದ್ದ ಕೈ ಅರ್ಲಿಸ್‌ದೊಂದೇ. ಥ್ಯಾಂಕ್ಸ್ ಸಮೇತ ಪತ್ರ ಹೋಯಿತು.

ಅವಳು ತರಗತಿಗೆ ಮರಳಿದಾಗ ಲವೊನ್ ಮಕ್ಕಳ ಒದ್ದೆ ಕೈಗವಸುಗಳನ್ನು ಜೋಡಿ ಹುಡುಕಿ ಹುಡುಕಿ ಹೀಟರ್ ಮೇಲೆ ಒಣಹಾಕುತ್ತಿದ್ದಳು. ಅರ್ಲಿಸ್ ಬಾಗಿಲಲ್ಲೇ ನಿಂತು ಎಲ್ಲ ಹೇಳಿದಳು. ಮಾತು ಮುಗಿಯುವ ಮೊದಲೇ ಅವಳಿಗೆ ಅಳು ಬಂತು.

ಲವೊನ್ ಕೈ ಒಂದು ಗಳಿಗೆ ನಿಂತಿತು. "ಓ," ಎಂದಳು. "ನೀನೇ ಬಂದು ಹೇಳಿದ್ಯಲ್ಲ, ಥ್ಯಾಂಕ್ಸ್ ಅರ್ಲಿಸ್."

"ದಮ್ಮಯ್ಯ ಕಣೇ, ಥ್ಯಾಂಕ್ಸ್ ಮಾತ್ರ ಹೇಳಬೇಡ."

"ಸಾರಿ," ಎಂದಳು ಲವೊನ್, ಇನ್ನೊಂದು ಪುಟ್ಟ ಕೈಗವಸನ್ನು ಹಿಂಡುತ್ತ.